ಯಾವುದರ ಮೇಲೆ ಹದಿನೆಂಟು?

ಬ್ಯಾಡಗಿ

ಚಿ. ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಬಿ.ಕಾಂ. ಸೇರಿದ್ದು ತಪ್ಪಾಯ್ತೇನೋ, ಲೆಕ್ಕ ಕಂಡರೆ ಭಯ ಅಂತ ಅವ್ವನ ಮುಂದೆ ಕಣ್ಣೀರು ಹಾಕಿದೆಯಂತೆ. ಅದನ್ನು ಕೇಳಿದಾಗಿನಿಂದ ಮನಸ್ಸು ತಡೆಯಲಿಲ್ಲ, ಬರೆಯಲು ಕೂತೆ.

ಹೋದ ತಿಂಗಳು ನಮ್ಮ ಮೆಣಸಿನಕಾಯಿ ಅಂಗಡಿಗೆ ಲೆಕ್ಕ ಬರೆಯುವ ಕೆಲಸ ಕೇಳಿಕೊಂಡು ಒಬ್ಬ ಹುಡುಗ ಬಂದಿದ್ದ. ಡಿಗ್ರಿಯಲ್ಲಿ ಒಳ್ಳೆ ಅಂಕ. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಕಲಿತ ಸರ್ಟಿಫಿಕೇಟೂ ಇತ್ತು. ಸಾಹುಕಾರರು ಒಂದು ಬಿಲ್ ಮುಂದಿಟ್ಟರು. 18% ಜಿಎಸ್‌ಟಿ ಸೇರಿ 1,180 ರೂಪಾಯಿ. 'ಇದರಾಗ ತೆರಿಗಿ ಎಷ್ಟಪ್ಪಾ?' ಅಂದರು. ಹುಡುಗ ಮೊಬೈಲ್ ತೆಗೆದು ಒತ್ತಿದ. 212 ರೂಪಾಯಿ 40 ಪೈಸೆ ಅಂದ. ಇರುವುದು 180. ಸಾವಿರದ ಮೇಲಿನ ತೆರಿಗೆಯನ್ನು ಅವನು ತೆರಿಗೆ ಸೇರಿದ ಮೊತ್ತದ ಮೇಲೆ ಹಾಕಿಬಿಟ್ಟಿದ್ದ. ಗುಣಾಕಾರದಲ್ಲಿ ತಪ್ಪಿಲ್ಲ. ಯಾವುದರ ಮೇಲೆ 18 ಅಂತ ಕೇಳಿಕೊಳ್ಳಲಿಲ್ಲ, ಅಷ್ಟೇ. ಅವನು ಸಪ್ಪೆ ಮುಖ ಮಾಡಿಕೊಂಡು ಹೋಗುವಾಗ ನಿನ್ನ ನೆನಪಾಗಿ ಹೊಟ್ಟೆ ಚುರ್ ಅಂತು.

ಶೇಕಡಾ ಎಲ್ಲಿ ಕಂಡರೂ ಆ ಪ್ರಶ್ನೆ ಕೇಳು ಪುಟ್ಟಿ. 80ಕ್ಕೆ ತಂದು 100ಕ್ಕೆ ಮಾರಿದರೆ ಹಾಕಿದ ದುಡ್ಡಿನ ಮೇಲೆ ಲಾಭ 25%, ಮಾರಿದ ಬೆಲೆಯ ಮೇಲೆ 20%. ಬಡ್ಡಿಯೂ ಹಾಗೇ. ಲಕ್ಷ ರೂಪಾಯಿ ಸಾಲ, 12% ಫ್ಲಾಟ್ ಬಡ್ಡಿ, ತಿಂಗಳಿಗೊಂದರಂತೆ 12 ಕಂತು. ಕೇಳೋಕೆ ಹಗುರ. ಆದರೆ ಅಸಲು ತೀರುತ್ತಾ ಬಂದರೂ ಬಡ್ಡಿ ಪೂರ್ತಿ ಲಕ್ಷದ ಮೇಲೇ ಬೀಳುತ್ತಿರುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಿಡಿದರೆ 21% ದಾಟುತ್ತದೆ! ಸುಮ್ನೆ ನನ್ನ ಮಾತು ನಂಬಬೇಡ. ಎಕ್ಸೆಲ್‌ನಲ್ಲಿ ಕಂತು ಕಂತಾಗಿ ಇಳಿಸಿ ನೋಡು. ಒಂದು ಸಂಜೆಯ ಕೆಲಸ. ಎಕ್ಸೆಲ್ ಕೈಗೆ ಬರುವುದೇ ಹೀಗೆ.

ಇನ್ನು ಭಯದ ವಿಷಯ. ನಾನು ಕೆಲಸಕ್ಕೆ ಸೇರಿದ ವರ್ಷ ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಮೊತ್ತ ಸಮ ಬರುತ್ತದೋ ಅಂತ ನೋಡುವ ಪಟ್ಟಿ, ಕೂಡಲಿಲ್ಲ. 2,700 ರೂಪಾಯಿ ವ್ಯತ್ಯಾಸ. ಎರಡು ದಿನ ಊಟ ಸೇರಲಿಲ್ಲ. ಹಳೆಯ ಗುಮಾಸ್ತರು ಬಂದು ಮೊತ್ತ ನೋಡಿ, 'ಒಂಬತ್ತರಿಂದ ಭಾಗ ಆಗ್ತದ. ಅಂಕಿ ಹಿಂದ ಮುಂದ ಆಗ್ಯಾವ, ಹುಡುಕು' ಅಂದರು. ಹಮಾಲಿ ಖಾತೆಯಲ್ಲಿ ಸಿಕ್ಕಿತು. 8,500 ಬದಲು 5,800 ಬರೆದಿದ್ದೆ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ತಪ್ಪಿಗೂ ಒಂದು ಗುರುತು ಇರುತ್ತದೆ ಅಂತ ಗೊತ್ತಾದ ಮೇಲೆ ನನ್ನ ಎದೆ ಹಗುರಾಯ್ತು. ನೀನೂ ತಪ್ಪಾದ ಲೆಕ್ಕ ಹೊಡೆದು ಹಾಕಬೇಡ. ಪಕ್ಕದಲ್ಲಿ ಎಲ್ಲಿ ಎಡವಿದೆ ಅಂತ ಒಂದು ಸಾಲು ಬರೆದಿಡು. ಪರೀಕ್ಷೆ ಹಿಂದಿನ ರಾತ್ರಿ ಗೈಡ್‌ಗಿಂತ ಆ ಸಾಲುಗಳೇ ಜಾಸ್ತಿ ಕೆಲಸಕ್ಕೆ ಬರುತ್ತವೆ.

ಇನ್ನೊಂದು ಮಾತು. ಕಾಯಿ ಮಾರಿದ ರೈತರು ಪಟ್ಟಿ ಹಿಡಿದು ನನ್ನ ಟೇಬಲ್ಲಿಗೆ ಬರುತ್ತಾರೆ. 'ಇಷ್ಟ್ಯಾಕ ಕಡಿಮಿ ಬಂತು?' ಅಂತಾರೆ. ತೂಕ, ದರ, ಕಡಿತ ಎಲ್ಲ ಅವರಿಗೆ ತಿಳಿಯುವಂತೆ ಬಿಡಿಸಿ ಹೇಳಬೇಕು. ಇದು ಬಲ್ಲವರನ್ನು ಯಾವ ಅಂಗಡಿಯೂ ಬಿಡುವುದಿಲ್ಲ. ಹಾಸ್ಟೆಲ್‌ನಲ್ಲಿ ಗೆಳತಿಗೆ ಒಂದು ಲೆಕ್ಕ ಹೇಳಿಕೊಡು, ಅದೇ ಅಭ್ಯಾಸ.

ದೀಪಾವಳಿ ರಜೆಗೆ ಇಲ್ಲಿಗೇ ಬಾ. ಒಂದು ವಾರ ಅಂಗಡಿಯಲ್ಲಿ ನನ್ನ ಪಕ್ಕ ಕೂತು ಕೀರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ಬರಿ. ಅಲ್ಲಿಯವರೆಗೆ ಯಾವ ಲೆಕ್ಕ ತೊಡಕಾದರೂ ರಾತ್ರಿ ಒಂಬತ್ತರ ಮೇಲೆ ಫೋನ್ ಮಾಡು. ಎದ್ದೇ ಇರುತ್ತೇನೆ.

ಇಂತಿ,
ನಿನ್ನ ಮಾವ