ಮೇಯರ್ ಹೇಳದೆ ಹೋದ ಮಾತು

ಸಂಪಾದಕರೇ,

ನಮ್ಮ ಮೇಯರ್ ಅವರ ವಿದಾಯ ಭಾಷಣದ ವರದಿ ಓದಿದೆ. ಉದ್ಯಾನ, ಮೇಲ್ಸೇತುವೆ, ಬೀದಿದೀಪ ಎಲ್ಲವನ್ನೂ ಎಣಿಸಿದ್ದಾರೆ. ಸುಳ್ಳೇನಲ್ಲ, ಸಂಜೆ ನಾನೂ ಅದೇ ಉದ್ಯಾನದಲ್ಲಿ ನಡೆಯುತ್ತೇನೆ.

ಆದರೆ ನೀರು ಸರಬರಾಜಿನಲ್ಲಿ 30 ವರ್ಷ ದುಡಿದವನ ಕಣ್ಣು ನೆಲದ ಕೆಳಗೇ ಹೋಗುತ್ತದೆ. ಹಳೆಯ ಕಬ್ಬಿಣದ ಪೈಪು ತುಕ್ಕು ಹಿಡಿದು ಒಳಗೆ ಕಿರಿದಾಗುತ್ತದೆ, ಜಾಯಿಂಟ್‌ಗಳಲ್ಲಿ ಸೋರುತ್ತದೆ. ನೀರು ಬಿಡುವುದು ನಿಂತು ಪೈಪಿನ ಒತ್ತಡ ಇಳಿದಾಗ ಅದೇ ಬಿರುಕಿನಿಂದ ಹೊರಗಿನ ಕೊಳಕು ಒಳಗೆ ನುಗ್ಗುತ್ತದೆ. ಇಂಥ ಪೈಪು ಬದಲಿಸಿದರೆ ರಿಬ್ಬನ್ ಕತ್ತರಿಸಲು ಏನೂ ಸಿಗುವುದಿಲ್ಲ, ಅಲ್ವಾ?

ಅವಧಿ ಸಾಲಲಿಲ್ಲ ಎಂದಿದ್ದಾರೆ. ಇರಬಹುದು. ಕೊಲಂಬಿಯಾದ ರಾಜಧಾನಿ ಬೊಗೋಟಾದಲ್ಲಿ ಮೇಯರ್ ಆಗಿದ್ದ ಎನ್ರಿಕೆ ಪೆನ್ಯಾಲೋಸಾ 2000ರ ಡಿಸೆಂಬರ್‌ನಲ್ಲಿ ಟ್ರಾನ್ಸ್‌ಮಿಲೇನಿಯೊ ಎಂಬ ನಗರ ಬಸ್ ಸೇವೆ ಶುರು ಮಾಡಿದರು. ಆ ತಿಂಗಳಿಗೇ ಅವರ ಅವಧಿ ಮುಗಿಯಿತು. ನಂತರ ಬಂದ ಮೇಯರ್ ಆಂಟಾನಸ್ ಮಾಕಸ್ ಅದನ್ನು ಕೈಬಿಡದೆ ಬೆಳೆಸಿದರು. ನಮ್ಮಲ್ಲಿ ಹೊಸಬರು ಮೊದಲು ಬದಲಿಸುವುದು ಫಲಕದ ಮೇಲಿನ ಹೆಸರು!

ಹೋಗುವ ಮೇಯರ್ ಸುಮ್ನೆ ಒಂದು ಹಾಳೆ ಬರೆದಿಡಲಿ. ಯಾವ ಪೈಪು ತೀರಾ ಹಳೆಯದು, ಯಾವ ಗುತ್ತಿಗೆದಾರನಿಗೆ ಎಷ್ಟು ಬಾಕಿ, ಯಾವ ಕೆಲಸ ಅರ್ಧಕ್ಕೆ ನಿಂತಿದೆ, ಯಾಕೆ. ಅದನ್ನು ನಿಮ್ಮ ಪತ್ರಿಕೆ ಅಚ್ಚು ಮಾಡಿದರೆ ಭಾಷಣಕ್ಕಿಂತ ಜಾಸ್ತಿ ಜನ ಓದುತ್ತಾರೆ.

– ನಿವೃತ್ತ ನೀರು ಸರಬರಾಜು ನೌಕರ