ನ್ಯಾಟ್ ವ್ಯವಸ್ಥೆಯ ಬದಲಾವಣೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕೊಪ್ಪ ತಾಲ್ಲೂಕುಗಳ ನಮ್ಮ ಫೈಬರ್ ಸಂಪರ್ಕಗಳಲ್ಲಿ ವಿಳಾಸ ಪರಿವರ್ತನೆಯ, ಅಂದರೆ ನ್ಯಾಟ್‌ನ, ವಿಧಾನ ಬದಲಾಗಲಿದೆ. ಕೆಲವರ ಮನೆಯ ರೌಟರನ್ನು ಇದಕ್ಕಾಗಿ ಬದಲಿಸಬೇಕಾಗುವುದರಿಂದ ಕಾರಣವನ್ನು ವಿವರವಾಗಿ ತಿಳಿಸುತ್ತಿದ್ದೇವೆ.

ಇಂಟರ್ನೆಟ್‌ನಲ್ಲಿ ಸಂಪರ್ಕಗಳನ್ನು ಗುರುತಿಸುವ ಹಳೆಯ ಮಾದರಿಯ ಸಂಖ್ಯೆಗಳಾದ ಐಪಿವಿ4 ವಿಳಾಸಗಳು ಇರುವುದೇ ಸುಮಾರು 430 ಕೋಟಿ. ನಮ್ಮ ಏಷ್ಯಾ-ಪೆಸಿಫಿಕ್ ವಲಯಕ್ಕೆ ಅವುಗಳನ್ನು ಹಂಚುವ ಎಪಿನಿಕ್ ಸಂಸ್ಥೆ 2011ರ ಏಪ್ರಿಲ್‌ನಿಂದ ಪಡಿತರದಂತೆ ಅಳೆದು ಕೊಡುತ್ತಿದೆ. ಹೀಗಾಗಿ ಒಂದೇ ವಿಳಾಸವನ್ನು ಹಲವು ಮನೆಗಳು ಹಂಚಿಕೊಳ್ಳಬೇಕು. ಇದುವರೆಗೆ ನಮ್ಮ ಕೇಂದ್ರದ ಯಂತ್ರವೊಂದು, ಯಾವ ಮನೆಯ ಯಾವ ಸಂಪರ್ಕ ಯಾವ ಪೋರ್ಟ್‌ನಿಂದ (ಒಂದೇ ವಿಳಾಸದ ಸಂಪರ್ಕಗಳನ್ನು ಬೇರ್ಪಡಿಸುವ ಸಂಖ್ಯೆ) ಹೊರಟಿದೆ ಎಂಬುದನ್ನು ಒಂದೊಂದಾಗಿ ನೆನಪಿಟ್ಟುಕೊಂಡು, ಮರಳಿ ಬಂದುದನ್ನು ಆ ಮನೆಗೇ ತಲುಪಿಸುತ್ತಿತ್ತು. ಯಂತ್ರ ಮರುಚಾಲನೆಗೊಂಡರೆ ಆ ನೆನಪು ಅಳಿದು ಎಲ್ಲರ ವಿಡಿಯೊ ಕರೆಗಳೂ ಒಟ್ಟಿಗೆ ಕಡಿಯುತ್ತವೆ. ಉತ್ತರವೂ ಅದೇ ಯಂತ್ರದ ಮೂಲಕ ಬರಬೇಕಾದ್ದರಿಂದ, ಪಕ್ಕದಲ್ಲಿ ಇನ್ನೊಂದನ್ನು ಇಟ್ಟ ಮಾತ್ರಕ್ಕೆ ಹೊರೆ ಹಂಚಿಹೋಗುವುದಿಲ್ಲ.

ಹೊಸ ವಿಧಾನವಾದ ಮ್ಯಾಪ್-ಟಿ ಇಂಟರ್ನೆಟ್ ಮಾನದಂಡಗಳ ದಾಖಲೆಯಾದ 2015ರ ಆರ್‌ಎಫ್‌ಸಿ 7599ರಲ್ಲಿ ನಿರೂಪಿತವಾಗಿದೆ. ಒಂದು ವಿಳಾಸವನ್ನು 16 ಮನೆಗಳಿಗೆ ಹಂಚಿ, ಮೊದಲ 1024 ಪೋರ್ಟ್‌ಗಳನ್ನು ಕೈಬಿಟ್ಟು, ಪ್ರತಿ ಮನೆಗೂ 4032 ಪೋರ್ಟ್‌ಗಳನ್ನು ಮೊದಲೇ ಗೊತ್ತುಪಡಿಸುತ್ತೇವೆ. ಈ ಪಾಲು ಯಾವುದೆಂಬುದು ನಿಮ್ಮ ಸಂಪರ್ಕದ ಹೊಸ ಮಾದರಿಯ ಐಪಿವಿ6 ವಿಳಾಸದಲ್ಲೇ ಅಡಕವಾಗಿರುವುದರಿಂದ, ಕೇಂದ್ರದ ಯಂತ್ರ ಏನನ್ನೂ ನೆನಪಿಡದೆ ಬರೀ ಲೆಕ್ಕದಿಂದ ಮನೆಯನ್ನು ಗುರುತಿಸುತ್ತದೆ. ಒಂದು ನಿಂತರೆ ಮತ್ತೊಂದು ಅದೇ ಲೆಕ್ಕ ಮಾಡುತ್ತದೆ. ಸಂಪರ್ಕಗಳನ್ನು ನೆನಪಿಡುವ ಕೆಲಸ ಮಾತ್ರ ತಪ್ಪುವುದಿಲ್ಲ, ಅದು ನಿಮ್ಮ ರೌಟರ್‌ಗೆ ವರ್ಗವಾಗುತ್ತದೆ. ಹಳೆಯ ರೌಟರ್‌ಗಳು ಸಾಲದಿರುವುದು ಇದೇ ಕಾರಣಕ್ಕೆ. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾಗುವುದಕ್ಕೆ ಈ ಬದಲಾವಣೆಯಲ್ಲಿ ಪರಿಹಾರವಿಲ್ಲ ಎಂಬುದನ್ನೂ ಹೇಳಿಬಿಡುತ್ತೇವೆ.

ತೋಟದ ಕ್ಯಾಮೆರಾಗಳನ್ನು ಬೆಂಗಳೂರಿನಿಂದ ನೋಡಬಯಸುವವರಿಗೆ ಇದರಿಂದ ಅನುಕೂಲವೇ ಹೆಚ್ಚು, ಏಕೆಂದರೆ ತಮ್ಮ ಪಾಲಿನ ಪೋರ್ಟ್ ಒಂದನ್ನು ಅವರು ತಾವೇ ತೆರೆದುಕೊಳ್ಳಬಹುದು. ಆದರೆ ಆ ಪೋರ್ಟ್‌ಗಳು ಸಾಲಾಗಿರದೆ 64ರ ಗುಂಪುಗಳಲ್ಲಿ ಚದುರಿರುತ್ತವೆ. ಪಟ್ಟಿಯನ್ನು ರೌಟರ್ ಜೊತೆಗೇ ಕೊಡುತ್ತೇವೆ. ಕೈಬಿಟ್ಟ 1024ರೊಳಗೇ ಬರುವ, ವೆಬ್‌ಸೈಟ್‌ಗಳು ಬಳಸುವ 80 ಅಥವಾ 443ನೇ ಪೋರ್ಟೇ ಬೇಕೆನ್ನುವವರು ಪ್ರತ್ಯೇಕ ವಿಳಾಸಕ್ಕೆ ಅರ್ಜಿ ಸಲ್ಲಿಸಬೇಕು. ಅತಿಥಿಗಳು ತುಂಬಿರುವ ಹೋಂಸ್ಟೇಗಳಿಗೆ 4032 ಸಾಲದೆ ಹೋಗಬಹುದು. ಅಂಥವರು ಕೇಳಿದರೆ ಎಂಟೇ ಮನೆಗಳು ಹಂಚಿಕೊಳ್ಳುವ ವಿಳಾಸದಲ್ಲಿ 8064 ಪೋರ್ಟ್‌ಗಳನ್ನು ಕೊಡುತ್ತೇವೆ.

ಸ್ವಂತ ರೌಟರ್ ಇಟ್ಟುಕೊಂಡಿರುವವರು ಅದರಲ್ಲಿ ಮ್ಯಾಪ್-ಟಿ ಸೌಲಭ್ಯವಿದೆಯೇ ಎಂದು ನೋಡಿ ನಮ್ಮ ಕಚೇರಿಗೆ ತಿಳಿಸಬೇಕಾಗಿ ಕೋರುತ್ತೇವೆ. ಉತ್ತರ ಬರುವವರೆಗೆ ಅವರ ಸಂಪರ್ಕ ಹಳೆಯ ಯಂತ್ರದಲ್ಲೇ ಮುಂದುವರಿಯುತ್ತದೆ.

ಇತಿ,
ವ್ಯವಸ್ಥಾಪಕರು