ಆನೆ ನೀರು ಕುಡಿಯುವ ದಡದಲ್ಲಿ ಒಡೆದ ಬಾಟಲಿ

ಮಾನ್ಯ ಸಂಪಾದಕರೇ,

ಹೋದ ಡಿಸೆಂಬರ್‌ನಲ್ಲಿ ನಾನು, ನನ್ನ ತಮ್ಮ ಮತ್ತು ಅವನ ಹತ್ತು ವರ್ಷದ ಮಗಳು ಭೀಮೇಶ್ವರಿಗೆ ಹೋಗಿದ್ದೆವು. ಬೆಂಗಳೂರಿನಿಂದ ಸುಮಾರು 100 ಕಿ.ಮೀ. ದೂರ. ಕನಕಪುರ, ಸಾತನೂರು, ಹಲಗೂರು ದಾಟಿದ ಮೇಲೆ ಕಾವೇರಿ ವನ್ಯಜೀವಿಧಾಮದ ಕಾಡು. ಎರಡು ರಾತ್ರಿ ಹೊಳೆ ದಂಡೆಯ ಟೆಂಟಿನಲ್ಲಿ ಉಳಿದೆವು, ಎರಡು ದಿನವೂ ತೆಪ್ಪ ಹತ್ತಿದೆವು. ಈ ಪತ್ರಕ್ಕೆ ಕಾರಣ ಎರಡನೇ ದಿನ ನಡೆದದ್ದು. ಆದರೆ ಮೊದಲನೇ ದಿನ ಕಂಡದ್ದನ್ನು ಮೊದಲು ಹೇಳಿಬಿಡ್ತೀನಿ. ಇಲ್ಲದಿದ್ದರೆ ಅಲ್ಲಿ ಹಾಳಾಗ್ತಿರೋದು ಏನು ಅಂತ ಗೊತ್ತಾಗಲ್ಲ.

ತೆಪ್ಪ ಹಾಕುವ ಅಣ್ಣ ಅದೇ ಕಡೆಯವರು. ಐವತ್ತು ದಾಟಿದ ವಯಸ್ಸು, ಬರಿಗಾಲು. ನಮ್ಮೆಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿ, ಪಟ್ಟಿ ಒಂದೊಂದನ್ನೂ ಎಳೆದು ನೋಡಿದ ಮೇಲೆಯೇ ತೆಪ್ಪವನ್ನು ನೀರಿಗೆ ಬಿಟ್ಟರು. ಪುಟ್ಟಿ ಹುಟ್ಟು ಕೇಳಿದಳು, ಕೊಟ್ಟರು. ಅವಳು ದೋಣಿಗೆ ಹಾಕುವ ಹಾಗೆ ಪಕ್ಕಕ್ಕೆ ಹಾಕಿದಳು, ತೆಪ್ಪ ಗಿರಗಿರ ಅಂತ ತಿರುಗಿತು. ತೆಪ್ಪಕ್ಕೆ ಹಿಂದು ಮುಂದು ಅಂತ ಇಲ್ಲ, ಅದು ದುಂಡಗಿನ ಬುಟ್ಟಿ. ಮುಂದೆ ಕೂತು, ಹುಟ್ಟನ್ನು ನೀರಿಗಿಳಿಸಿ, ನೀರನ್ನೇ ತನ್ನ ಕಡೆಗೆ ಎಳೆದುಕೊಳ್ಳಬೇಕು. ಅರ್ಧ ಗಂಟೆ ಒದ್ದಾಡಿ ಅವಳು ಅದನ್ನು ಕಲಿತಳು. ಅಷ್ಟರಲ್ಲಿ ನಾವು ಒಂದು ಮಡುವಿನ ಹತ್ತಿರ ಬಂದಿದ್ದೆವು.

"ಇಲ್ಲಿ ಬಿಳಿಮೀನು ಐತೆ ಕಣವ್ವ, ಸದ್ದು ಮಾಡಬ್ಯಾಡಿ" ಅಂದರು.

ಸದ್ದು ನಿಲ್ಲಿಸಿದ ಮೇಲೆಯೇ ಆ ಹೊಳೆಯ ಸದ್ದು ಕೇಳಿದ್ದು. ಬಂಡೆ ಸಂದಿಯಲ್ಲಿ ನೀರು ನುಗ್ಗುವುದು, ಮಿಂಚುಳ್ಳಿ ಕೂಗುವುದು, ಮತ್ತೆ ಕಟಕ್ ಕಟಕ್ ಅಂತ ಏನೋ ಅಗಿಯುವುದು. ನೋಡಿದರೆ ಮೂರು ನೀರುನಾಯಿ! ಒಂದು ಬಂಡೆ ಮೇಲೆ ಕೂತು ಮೀನನ್ನು ಎರಡೂ ಮುಂಗಾಲಲ್ಲಿ ಹಿಡಿದು ತಲೆ ಕಡೆಯಿಂದ ತಿನ್ನುತ್ತಿತ್ತು, ಮೀನಿನ ಮೂಳೆ ಮುರಿಯುವ ಸದ್ದು ನಮಗೆ ಅಷ್ಟು ದೂರದಿಂದಲೂ ಸ್ಪಷ್ಟವಾಗಿ ಕೇಳ್ತಿತ್ತು. ಐದು ನಿಮಿಷ ನಾವು ನಾಲ್ಕೂ ಜನ ಉಸಿರು ಬಿಗಿಹಿಡಿದು ಕೂತಿದ್ದೆವು. ಆಚೆ ದಡದಲ್ಲಿ ಮೊಸಳೆಯೊಂದು ಬಾಯಿ ತೆರೆದುಕೊಂಡು ಬಿಸಿಲಿಗೆ ಮಲಗಿತ್ತು. ಹೊಳೆಮತ್ತಿ ಮರದಲ್ಲಿ ಬೂದು ಬಣ್ಣದ ದೊಡ್ಡ ಅಳಿಲು ಕೊಂಬೆಯಿಂದ ಕೊಂಬೆಗೆ ಹಾರಿತು. ಈ ಅಳಿಲು ದಕ್ಷಿಣ ಭಾರತದ ಕೆಲವೇ ಕಾಡುಗಳಲ್ಲಿ ಮತ್ತು ಶ್ರೀಲಂಕಾದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಹೊಳೆ ಪಕ್ಕದ ದೊಡ್ಡ ಮರಗಳು ಒಂದಕ್ಕೊಂದು ತಾಗಿಕೊಂಡು ಇರುವವರೆಗೆ ಅದೂ ಇರುತ್ತದೆ.

ಬಿಳಿಮೀನು ನಮಗೆ ಕಾಣಲಿಲ್ಲ. ಕಂಡಿದ್ದರೆ ಅದೊಂದು ಭಾಗ್ಯವೇ. ಇದು ಕಾವೇರಿ ಮತ್ತು ಅದರ ಉಪನದಿಗಳದ್ದೇ ಆದ ಮಹಶೀರ್ ಜಾತಿಯ ಮೀನು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನವರೊಬ್ಬರು ಗಾಳ ಹಾಕಿ ಹಿಡಿದದ್ದು 120 ಪೌಂಡ್ ತೂಗಿತ್ತು, ಅಂದರೆ 54 ಕೆ.ಜಿ.! ಆಮೇಲೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗೆ ದೇಶವಿದೇಶದ ಜನ ಗಾಳ ಹಿಡಿದು ಬರುತ್ತಿದ್ದರು. ರಾಗಿ ಮುದ್ದೆ ಉಂಡೆಯೇ ಗಾಳದ ಮೇವು. ಹಿಡಿದು, ತೂಕ ನೋಡಿ, ಮತ್ತೆ ನೀರಿಗೆ ಬಿಡುತ್ತಿದ್ದರು. ಹಿಂದೆ ತೋಟೆ ಸಿಡಿಸಿ ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರು ಅದೇ ಕ್ಯಾಂಪುಗಳಲ್ಲಿ ಕೆಲಸಕ್ಕೆ ಸೇರಿ ಹೊಳೆ ಕಾಯುವವರಾದರು. ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಗಾಳ ಹಾಕುವಂತಿಲ್ಲ ಅಂತಾಗಿ ಅದು ನಿಂತುಹೋಯಿತು. 2018ರಲ್ಲಿ ಈ ಮೀನನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿಸಿದರು. ಅಷ್ಟು ದೊಡ್ಡ ಮೀನು, ನಮ್ಮದೇ ನದಿಯದ್ದು. ನಮ್ಮಲ್ಲಿ ಎಷ್ಟು ಜನಕ್ಕೆ ಅದರ ಹೆಸರು ಗೊತ್ತು?

ಈಗ ಎರಡನೇ ದಿನದ ಮಾತು.

ಅವತ್ತು ಭಾನುವಾರ. ಮಧ್ಯಾಹ್ನ ಮುತ್ತತ್ತಿ ಕಡೆಗೆ ಹೋಗುವಾಗ ದಡದಲ್ಲಿ ಕಾರುಗಳು ನಿಂತಿದ್ದವು. ಸ್ಪೀಕರ್‌ನಲ್ಲಿ ಹಾಡು, ಮರದ ಬುಡದಲ್ಲಿ ಕಲ್ಲಿಟ್ಟು ಒಲೆ ಹೂಡಿ ಬಿರಿಯಾನಿ. ಅಭಯಾರಣ್ಯದಲ್ಲಿ ಬೆಂಕಿ ಹಚ್ಚೋದೇ ಅಪರಾಧ. ಕುಡಿದಿದ್ದ ನಾಲ್ಕೈದು ಹುಡುಗರು ಸೊಂಟದವರೆಗೆ ನೀರಿಗೆ ಇಳಿದಿದ್ದರು. ಇಲ್ಲಿ ಮೇಲೆ ಶಾಂತವಾಗಿ ಕಾಣುವ ನೀರಿನ ಕೆಳಗೆ ಸುಳಿ ಇರುತ್ತದೆ, ಕೆಆರ್‌ಎಸ್, ಕಬಿನಿಯಿಂದ ನೀರು ಬಿಟ್ಟರೆ ಹೊಳೆ ಏರಿಬಿಡುತ್ತದೆ. ಮುತ್ತತ್ತಿಯಲ್ಲಿ ನೀರುಪಾಲಾದವರ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲೇ ಎಷ್ಟು ಸಲ ಓದಿಲ್ಲ ನಾವು? ತೆಪ್ಪದ ಅಣ್ಣ ಎರಡು ಸಲ ಕೂಗಿ ಹೇಳಿದರು. ಅವರು ಕೈ ಬೀಸಿದರು, ಅಷ್ಟೇ.

ಇನ್ನೊಂದಿಷ್ಟು ಮುಂದೆ ಹೋಗಿ ಒಂದು ಮರಳ ದಿಬ್ಬದಲ್ಲಿ ಇಳಿದೆವು. ಅಣ್ಣ ಮೊದಲು ಇಳಿದು ತೆಪ್ಪ ಎಳೆಯುತ್ತಿದ್ದವರು ಹಾಗೇ ನಿಂತುಬಿಟ್ಟರು. ಬಗ್ಗಿ ಪಾದ ಎತ್ತಿದರು. ಹಿಮ್ಮಡಿ ಪಕ್ಕಕ್ಕೆ ಬಿಯರ್ ಬಾಟಲಿಯ ಕಂದು ಗಾಜು, ಹೆಬ್ಬೆರಳಿನಷ್ಟು ಅಗಲದ ಚೂರು. ಅವರೇ ಹಿಡಿದು ಕಿತ್ತರು. ಟವೆಲ್ ಒದ್ದೆ ಮಾಡಿ ಬಿಗಿಯಾಗಿ ಕಟ್ಟಿಕೊಂಡರು. ನನ್ನ ತಮ್ಮ ಗಾಬರಿಯಾಗಿ ವಾಪಸ್ ಹೋಗೋಣ, ಆಸ್ಪತ್ರೆಗೆ ಹೋಗೋಣ ಅಂದ. ಅವರು ಪುಟ್ಟಿ ಕಡೆ ನೋಡಿ, "ನೀನು ಇಳಿಬ್ಯಾಡ ಕಣವ್ವ, ಚಪ್ಪಲಿ ಹಾಕ್ಕೊಂಡೇ ಇರು" ಅಂದರು. ಈ ವರ್ಷ ಇದು ಮೂರನೇ ಸಲವಂತೆ.

ಆಮೇಲೆ ಅವರು ತೋರಿಸಿದ್ದನ್ನು ನಾನು ಮರೆಯಲ್ಲ. ಒದ್ದೆ ಮರಳಿನಲ್ಲಿ ಆನೆ ಹೆಜ್ಜೆ. ಹಿಂದಿನ ರಾತ್ರಿಯದ್ದು, ಅಂಚು ಇನ್ನೂ ಕುಸಿದಿರಲಿಲ್ಲ, ಪಾದದ ಬಿರುಕುಗಳ ಗೆರೆ ಕೂಡ ಅಚ್ಚೊತ್ತಿತ್ತು. ಪಕ್ಕದಲ್ಲೇ ಮರಿಯ ಸಣ್ಣ ಹೆಜ್ಜೆ. ಆ ಸಣ್ಣ ಹೆಜ್ಜೆಯ ಅಂಚಿನಿಂದ ನಾಲ್ಕು ಬೆರಳು ದೂರದಲ್ಲಿ ಬಾಟಲಿಯ ತಳ, ಒಡೆದ ಹಲ್ಲು ಮೇಲಕ್ಕೆ ಮಾಡಿಕೊಂಡು ಮರಳಲ್ಲಿ ಹೂತಿತ್ತು.

ಆನೆ ಪಾದ ನೋಡೋಕೆ ಗಟ್ಟಿ, ಆದರೆ ಒಳಗೆ ಮೆತ್ತೆ ಇದ್ದ ಹಾಗೆ. ಗಾಜು ಒಳಹೊಕ್ಕರೆ ಯಾರೂ ತೆಗೆಯುವವರಿಲ್ಲ. ಕೀವಾಗುತ್ತದೆ. ಅಷ್ಟು ಭಾರ ಹೊತ್ತ ಕಾಲನ್ನು ಊರಲಾಗದಿದ್ದರೆ ಅದು ಮೇವಿಗೂ ನೀರಿಗೂ ಹೋಗಲಾರದು. ನಿಂತಲ್ಲೇ ಸೊರಗಿ ಸಾಯುತ್ತದೆ. ಕಾಡಿನವರು ಯಾರನ್ನು ಬೇಕಾದರೂ ಕೇಳಿ, ಇದನ್ನೇ ಹೇಳ್ತಾರೆ.

ಇದಕ್ಕೆ ದಾರಿ ಇಲ್ಲದೆ ಇಲ್ಲ. ನಮ್ಮ ಪಕ್ಕದ ನೀಲಗಿರಿ ಜಿಲ್ಲೆಯಲ್ಲೂ ಇದೇ ತೊಂದರೆ ಇತ್ತು. ಅಲ್ಲಿ ಮದ್ರಾಸ್ ಹೈಕೋರ್ಟ್ ಸೂಚನೆಯ ಮೇಲೆ 2022ರಿಂದ ಮದ್ಯದ ಪ್ರತಿ ಬಾಟಲಿಗೆ 10 ರೂಪಾಯಿ ಜಾಸ್ತಿ ತಗೊಳ್ತಾರೆ, ಖಾಲಿ ಬಾಟಲಿ ತಂದುಕೊಟ್ಟರೆ ಆ ಹತ್ತು ರೂಪಾಯಿ ವಾಪಸ್. ಬಾಟಲಿಗಳಲ್ಲಿ ಬಹುಪಾಲು ಹಿಂದಿರುಗಿ ಬಂದವು, ಆಮೇಲೆ ತಮಿಳುನಾಡಿನ ಬೇರೆ ಜಿಲ್ಲೆಗಳಿಗೂ ಅದನ್ನು ತಂದರು. ಕುಡಿದವನು ಎಸೆದು ಹೋದರೂ ಹತ್ತು ರೂಪಾಯಿಗಾಗಿ ಇನ್ನೊಬ್ಬ ಹೆಕ್ಕುತ್ತಾನೆ. ಇಡೀ ಬಾಟಲಿಗೆ ಮಾತ್ರ ಬೆಲೆ ಇರೋದರಿಂದ ಒಡೆಯೋದೂ ಕಡಿಮೆ. ಇದನ್ನು ನಮ್ಮ ಅಬಕಾರಿ ಇಲಾಖೆ ಕಾವೇರಿ ಕಾಡಿನ ಸುತ್ತಲಿನ ತಾಲ್ಲೂಕುಗಳಲ್ಲಾದರೂ, ಮಳವಳ್ಳಿ, ಕನಕಪುರ, ಹನೂರಿನಲ್ಲಿ, ಮೊದಲು ಜಾರಿಗೆ ತರಬಹುದಲ್ವಾ? ಅದಾಗುವವರೆಗೆ ಕಾಡಿನ ಗೇಟಿನಲ್ಲಿ ಪ್ರತಿ ಕಾರಿನ ಡಿಕ್ಕಿ ತೆಗೆಸಿ ನೋಡಲಿ. ಗಾಜಿನ ಬಾಟಲಿ ಯಾವುದಿದ್ದರೂ, ಜ್ಯೂಸಿನದ್ದೇ ಆಗಲಿ, ಅಲ್ಲೇ ಇಟ್ಟು ಚೀಟಿ ಕೊಡಲಿ. ನಾವು ಹೋದಾಗ ಬರೀ ಗಾಡಿ ನಂಬರ್ ಬರೆದುಕೊಂಡರು.

ಮತ್ತೊಂದು ಮಾತು. ಮಳೆಗಾಲದಲ್ಲಿ ಹೊಳೆ ತುಂಬಿದಾಗ ತೆಪ್ಪ ನಿಲ್ಲುತ್ತದೆ, ತೆಪ್ಪದವರಿಗೆ ಕೂಲಿ ಇಲ್ಲ. ಆ ತಿಂಗಳುಗಳಲ್ಲಿ ಅವರಿಗೇ ದಿನಗೂಲಿ ಕೊಟ್ಟು ದಡ ಕಾಯುವ, ಗಾಜು ಹೆಕ್ಕುವ ಕೆಲಸ ಕೊಡಬೇಕು. ಭಾನುವಾರಗಳಲ್ಲಂತೂ ವರ್ಷವಿಡೀ ಕೊಡಬೇಕು. ಯಾವ ಮಡುವಿನಲ್ಲಿ ಸುಳಿ, ಯಾವ ದಿಬ್ಬಕ್ಕೆ ಆನೆ ಇಳಿಯುತ್ತದೆ ಅನ್ನೋದು ಅವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ.

ಅಲ್ಲಿಗೆ ಯಾರೂ ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಹೋಗಿ. ಮಕ್ಕಳನ್ನು ಕರ್ಕೊಂಡು ಹೋಗಿ. ಅನುಮತಿ ಇರುವ ಕ್ಯಾಂಪಿನಲ್ಲೇ ಉಳಿಯಿರಿ, ತೆಪ್ಪದಲ್ಲಿ ಮಾತಾಡದೆ ಅರ್ಧ ಗಂಟೆ ಕೂತು ನೋಡಿ. ನಮ್ಮ ಪುಟ್ಟಿ ಈಗಲೂ ಫೋನಿನಲ್ಲಿ, "ಅತ್ತೆ, ನೀರುನಾಯಿ ಮತ್ತೆ ಯಾವಾಗ ನೋಡೋಣ?" ಅಂತ ಕೇಳ್ತಾಳೆ.

ಅವತ್ತು ಆ ಒಂದು ದಿಬ್ಬದಲ್ಲಿ ನಾನೂ ತಮ್ಮನೂ ಹೆಕ್ಕಿದ ಗಾಜು ಅರ್ಧ ಗೋಣಿಚೀಲ ಆಯಿತು. ಅಣ್ಣನ ಕಾಲಿಗೆ ಇಂಜೆಕ್ಷನ್ ಹಾಕಿಸಿದ ಮೇಲೆ ಅದನ್ನು ಗುಜರಿ ಅಂಗಡಿಗೆ ತಗೊಂಡು ಹೋದೆವು. ಒಡೆದ ಗಾಜು ಬೇಡ ಅಂದರು. ಕಾರಿನಲ್ಲಿ ಬೆಂಗಳೂರಿಗೇ ತಂದೆವು. ಹೊಸ ವರ್ಷ ಮತ್ತೆ ಬರುತ್ತದೆ, ಆಗ ಮುತ್ತತ್ತಿಗೆ ಬರುವ ಕಾರುಗಳಿಗೆ ಲೆಕ್ಕ ಇರಲ್ಲ. ಅಷ್ಟರೊಳಗೆ ಅರಣ್ಯ ಮತ್ತು ಅಬಕಾರಿ ಇಲಾಖೆಯವರು ಕೂತು ಈ ಬಾಟಲಿ ವಿಷಯ ತೀರ್ಮಾನ ಮಾಡಲಿ ಅಂತ ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ತೀನಿ.

ಇತಿ,
ನಿಮ್ಮ ಓದುಗರಲ್ಲೊಬ್ಬಳು, ಬೆಂಗಳೂರು